ಬಿಸಿಲಿಗಿಟ್ಟ ಮಡಕೆ

“ಗುರುಗಳೇ, ಪಠ್ಯಪುಸ್ತಕ ಅನ್ನುವುದು ಮಾಸ್ತರನಿಗೆ ಗುರುವೋ, ಆಳೋ?”

ಹೀಗೆ ಕೇಳಿದವಳು ದಾಕ್ಷಾಯಿಣಿ. ಕೇಳಿದ್ದು ಅಡಿವೆಪ್ಪ ಮಾಸ್ತರರನ್ನು. ಅವರು ಮಾಸ್ತರಿಕೆ ಕಲಿಸುವ ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಗುರುಗಳಾಗಿದ್ದವರು. ಅವಳು ಅವರ ಕೈಕೆಳಗೆ ಎರಡು ವರ್ಷ ಕಲಿತವಳು, ಬರುವ ಸೋಮವಾರ ಮೊದಲ ಸಲ ಒಂದು ಶಾಲೆಗೆ ಸೇರಲು ಹೊರಟವಳು. ಕಾಲಿಗೆ ನಮಸ್ಕಾರ ಮಾಡಿ ಹೋಗೋಣವೆಂದು ಬಂದಿದ್ದಳು. ನಮಸ್ಕಾರವೇನೋ ಆಯಿತು, ಪ್ರಶ್ನೆ ಉಳಿದಿತ್ತು.

“ಈ ಸಂಶಯ ಎಲ್ಲಿಂದ ಬಂತು?” ಎಂದರು ಗುರುಗಳು.

“ನಮಗೆ ಪಾಠ ಮಾಡಿದವರಲ್ಲಿ ಒಬ್ಬರು, ಪುಸ್ತಕದ ಗೆರೆ ದಾಟಬೇಡ ಅಂದರು. ಇನ್ನೊಬ್ಬರು, ಪುಸ್ತಕ ಮುಚ್ಚಿಟ್ಟ ಮೇಲೇ ಪಾಠ ಶುರು ಅಂದರು. ಪರೀಕ್ಷೆಯಲ್ಲಿ ಇಬ್ಬರೂ ಇದನ್ನೇ ಕೇಳಿದರು. ನಾನು ಅವರವರಿಗೆ ಅವರವರ ಉತ್ತರವನ್ನೇ ಬರೆದು ಪಾಸಾದೆ.”

“ಜಾಣೆ. ಈಗೇನಾಯಿತು?”

“ಈಗ ಎದುರಿಗೆ ಮಕ್ಕಳು ಕೂತಿರುತ್ತಾರೆ. ಎರಡೆರಡು ಉತ್ತರ ನಡೆಯುವುದಿಲ್ಲ.”

ಅಡಿವೆಪ್ಪ ಮಾಸ್ತರರು ಎಲೆಗೆ ಸುಣ್ಣ ಸವರಿದರು. ಅವರು ಉತ್ತರ ಕೊಡುವವರಲ್ಲ, ಕತೆ ಕೊಡುವವರು. ಅವರ ಕತೆಯಲ್ಲಿ ಸುಳ್ಳು ಸಾರಿನೊಳಗಿನ ಉಪ್ಪಿನಷ್ಟು ಇರುತ್ತಿತ್ತು. ತೆಗೆದು ತೋರಿಸು ಅಂದರೆ ಆಗದು, ಹಾಕಬೇಡ ಅಂದರೆ ಉಣ್ಣಲಿಕ್ಕೆ ಬಾರದು.

“ಒಂದು ಊರು,” ಎಂದು ಶುರು ಮಾಡಿದರು. “ಹೆಸರು ಕೇಳಬೇಡ. ಹೇಳಿದರೆ ನೀನು ಹೋಗಿ ವಿಚಾರಿಸುತ್ತೀ.”

ಒಂದು ಊರು. ಊರ ತುಂಬ ಕುಂಬಾರರು. ಯಾರಿಗೂ ಅಕ್ಷರವಿಲ್ಲ. ಅಲ್ಲಿಗೆ ಒಬ್ಬ ಮಾಸ್ತರ ಬಂದ. ಒಕ್ಕಲುತನದ ಮನೆಯವನು. ಮಡಕೆಯ ನೀರು ಕುಡಿದು ಗೊತ್ತೇ ಹೊರತು ಮಡಕೆ ಹೇಗೆ ಆಗುತ್ತದೆಂದು ಗೊತ್ತಿಲ್ಲದವನು. ಶಾಲೆಗೆ ಅಂತ ಒಂದು ಕೋಣೆ ಇತ್ತು, ಮಕ್ಕಳು ಇರಲಿಲ್ಲ. ಮೂರು ವರ್ಷದೊಳಗೆ ಹದಿನೈದು ಮಕ್ಕಳು ಸೇರದಿದ್ದರೆ ಕೋಣೆಗೆ ಬೀಗ ಹಾಕಬೇಕೆಂದು ಮೇಲಿನವರ ಅಪ್ಪಣೆ.

ಮಾಸ್ತರ ಮನೆಮನೆ ತಿರುಗಿದ. ಕುಂಬಾರರು ಅವನನ್ನು ಕೂಡಿಸಿ ಚಹಾ ಕೊಟ್ಟು ಕಳಿಸುತ್ತಿದ್ದರು, ಮಕ್ಕಳನ್ನು ಕಳಿಸುತ್ತಿರಲಿಲ್ಲ. ಎರಡು ವರ್ಷ ಚಹಾ ಕುಡಿದ. ಮೂರನೆಯ ವರ್ಷ, ಇವನನ್ನು ನೋಡಿ ಸಾಕಾಗಿಯೋ ಏನೋ, ಊರವರು ಹತ್ತೊಂಬತ್ತು ಮಕ್ಕಳನ್ನು ಶಾಲೆಗೆ ಅಟ್ಟಿದರು.

ಆ ವರ್ಷವೇ ಹೊಸ ಪಠ್ಯಪುಸ್ತಕ ಬಂತು. ಅದನ್ನು ಬರೆದವನು ದೂರದ ಪಟ್ಟಣದ ಒಬ್ಬ ಪಂಡಿತ. ಮಾಸ್ತರ ಕಟ್ಟು ಬಿಚ್ಚಿ ಹಾಳೆ ತಿರುವಿದ. ಕೊನೆಯ ಕಡೆಗೆ ಒಂದು ಪಾಠ, ಅದರ ಹೆಸರು ‘ಕುಂಬಾರ’. ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನೇ ಬರೆದವನ ಹಾಗೆ ಊರೆಲ್ಲ ಸಾರಿಕೊಂಡು ಬಂದ.

“ನಿಮ್ಮ ಕಸುಬು ಪುಸ್ತಕದಾಗ ಬಂದೈತಿ. ನಾಳೆ ಮುಂಜಾನೆ ಎಲ್ಲಾರೂ ಶಾಲಿಗೆ ಬರ್ರಿ, ಓದಿ ಹೇಳತೀನಿ.”

ಮರುದಿನ ಊರಿನಲ್ಲಿ ಮಡಕೆ ಮಾಡುವ ಚಕ್ರಗಳು, ತಿಗುರಿಗಳೆಲ್ಲ ನಿಂತವು. ಗಂಡಸರು ಕೈಯ ಮಣ್ಣು ತೊಳೆದು ಬಂದರು. ಹೆಂಗಸರು ಸೆರಗು ಹೊದ್ದು ಬಂದರು. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ ಕೂತಳು. ಆ ಊರಿನಲ್ಲಿ ಅವಳು ಬಡಿದ ಮಡಕೆಗೆ ಬೇರೆಯೇ ಬೇಡಿಕೆ. ಅವಳು ಬೈದ ಮನುಷ್ಯನಿಗೆ ಹೆಣ್ಣು ಸಿಗುವುದು ಕಷ್ಟ.

ಮಾಸ್ತರ ಕೊರಳು ಸರಿಮಾಡಿಕೊಂಡು ಓದಿದ. “ಇವನು ಕುಂಬಾರ. ಇವನು ತಿಗುರಿಯ ಮೇಲೆ ಮಡಕೆ ಮಾಡುತ್ತಾನೆ. ಮಡಕೆಯನ್ನು ಬಿಸಿಲಿನಲ್ಲಿ ಒಣಗಿಸುತ್ತಾನೆ. ಆಮೇಲೆ ಸುಡುತ್ತಾನೆ. ನಾವು ಮಡಕೆಯ ನೀರನ್ನು ಕುಡಿಯುತ್ತೇವೆ.” ಓದಿ, ಪುಸ್ತಕ ತಿರುಗಿಸಿ ಚಿತ್ರ ತೋರಿಸಿದ.

ಎಲ್ಲರೂ ಚಿತ್ರ ನೋಡಲು ಮುಂದಕ್ಕೆ ಬಾಗಿದರು.

“ಇನ್ನೊಮ್ಮೆ ಓದ್ರಿ,” ಎಂದಳು ಮುದುಕಿ.

ಇನ್ನೊಮ್ಮೆ ಓದಿದ.

“ಬಿಸಲಾಗ?”

“ಹೌದವ್ವ.”

“ಹಸಿ ಮಡಿಕಿ?”

“ಹಂಗಂತ ಬರದೈತಿ.”

ಹಿಂದಿನಿಂದ ಒಬ್ಬ ಕುಂಬಾರ ಚಿತ್ರದ ಕಡೆ ಕೈ ಮಾಡಿದ. “ಅವನ ಧೋತರ ನೋಡ್ರಿ, ಎಷ್ಟು ಬೆಳ್ಳಗೈತಿ. ಮದಿವಿಗಿ ಹೊಂಟಾವ ಹಾದ್ಯಾಗ ತಿಗರಿ ಕಂಡು ಕುಂತಾನ.”

ಊರೆಲ್ಲ ನಕ್ಕಿತು. ಮುದುಕಿ ನಗಲಿಲ್ಲ. “ತಿಗರಿ ಮ್ಯಾಲಿಂದ ಇಳದ ಮಡಿಕಿಗಿ ತಳ ಇರೂದಿಲ್ಲ ಮಾಸ್ತರ. ಒಳಗ ಕಲ್ಲು ಹಿಡದು ಹೊರಗ ಹಲಗಿಲೆ ಬಡದು ತಳ ಕೂಡಸವರು ನಾವು, ಹೆಣಮಕ್ಕಳು. ನಾವು ಎಲ್ಲಿ ಅದೀವಿ ಇದರಾಗ?”

ಮಾಸ್ತರ ಹಾಳೆಯನ್ನು ಹಿಂದೆ ಮುಂದೆ ನೋಡಿದ. ಹೆಣ್ಣುಮಕ್ಕಳು ಎಲ್ಲಿಯೂ ಇರಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಕತೆ ಬೇರೆ ಆಗುತ್ತಿತ್ತು. ಆದರೆ ಮಾಸ್ತರರಿಗೆ ಮಾತ್ರ ಬರುವ ಒಂದು ಮಾತನ್ನು ಅವನು ಆಡಿದ.

“ಪುಸ್ತಕದಾಗ ತಪ್ಪಿರೂದಿಲ್ಲವ್ವ. ನಿಮ್ಮ ಊರಾಗಿನ ಪದ್ಧತಿನ ಬ್ಯಾರೆ ಇರಬೇಕು.”

ಮುದುಕಿ ಎದ್ದಳು. ಮನೆಗೆ ಹೋಗಿ ಹಸಿ ಮಡಕೆಯೊಂದನ್ನು ಕಂಕುಳಲ್ಲಿ ಹೊತ್ತು ತಂದಳು, ಶಾಲೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟಳು. ಮಳೆ ಇನ್ನೂ ಹಿಡಿದಿರಲಿಲ್ಲ, ಬಿಸಿಲು ಖಡಕ್ಕಾಗಿತ್ತು. ಎಲ್ಲರೂ ಕಾದು ಕೂತರು. ಮಧ್ಯಾಹ್ನ ಊಟದ ಹೊತ್ತಿಗೆ ಮಡಕೆ ಬಾಯಿಂದ ಹೊಟ್ಟೆಯವರೆಗೆ ಸೀಳಿತು. ಮುದುಕಿ ಅದನ್ನು ಎತ್ತಿ ಮಾಸ್ತರನ ಮೇಜಿನ ಮೇಲೆ ಇಟ್ಟಳು.

“ತಗೋರಿ. ಇದು ನಿಮ್ಮ ಪುಸ್ತಕದ ಮಡಿಕಿ. ಇದರಾಗ ನೀರು ತುಂಬಿ ಹುಡುಗರಿಗೆ ಕುಡಸ್ರಿ.”

ಮರುದಿನ ಶಾಲೆಗೆ ಒಂದು ಮಗುವೂ ಬರಲಿಲ್ಲ. ಮಾಸ್ತರ ಮನೆಗಳಿಗೆ ಹೋದ. ಈ ಸಲ ಚಹಾ ಕೂಡ ಸಿಗಲಿಲ್ಲ. “ಹಸಿ ಮಡಿಕಿ ಎಲ್ಲಿ ಇಡಬೇಕು ಅನ್ನೂದು ತಿಳೀದಾವ, ನಮ್ಮ ಹುಡುಗರಿಗೆ ಏನು ತಿಳಿಸ್ಯಾನು?” ಎಂದರು ಗಂಡಸರು. ತಿಂಗಳ ಕೊನೆಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಖಾಲಿ ಕೋಣೆ ಕಂಡರೆ ಬೀಗ ಹಾಕಿಕೊಂಡೇ ಹೋಗುತ್ತಾರೆ. ಒಮ್ಮೆ ಬೀಗ ಬಿದ್ದ ಮೇಲೆ ಆ ಊರಿಗೆ ಅಕ್ಷರ ಬರಬೇಕಾದರೆ ಇನ್ನೊಂದು ತಲೆಮಾರು ಕಾಯಬೇಕು.

ಮೂರು ದಿನ ಮಾಸ್ತರ ಒಬ್ಬನೇ ಕೂತ. ಮೊದಲ ದಿನ ಪಂಡಿತನನ್ನು ಬೈದ. ಎರಡನೆಯ ದಿನ ಮಸಿ ತೆಗೆದುಕೊಂಡು ಬಿಸಿಲಿನ ಸಾಲನ್ನು ಹೊಡೆದುಹಾಕಲು ಹೋದ, ಕೈ ತಡೆಯಿತು. ಇಲ್ಲಿಯ ಹತ್ತೊಂಬತ್ತು ಪುಸ್ತಕ ತಿದ್ದಿದರೆ ನಾಡಿನ ಉಳಿದ ಪುಸ್ತಕಗಳಲ್ಲಿ ಮಡಕೆ ಬಿಸಿಲಲ್ಲೇ ಇರುತ್ತದೆ. ಮೂರನೆಯ ದಿನ ಮಾಡಲು ಬೇರೆ ಕೆಲಸವಿಲ್ಲದೆ ಪುಸ್ತಕವನ್ನು ಮೊದಲ ಹಾಳೆಯಿಂದ ಓದತೊಡಗಿದ. ಪಾಠ ಮಾಡುವವನ ಹಾಗೆ ಅಲ್ಲ, ಪಾಠ ಕಲಿಯುವವನ ಹಾಗೆ.

ಆಗ ಅವನಿಗೆ ಒಂದು ಸಂಗತಿ ಕಂಡಿತು. ಪಂಡಿತ ಅ ಆ ಇ ಈ ಎಂದು ಶುರು ಮಾಡಿರಲಿಲ್ಲ. ಬರೆಯಲು ಹಗುರವಾದ ರ, ಗ, ಸ ಎಂಬ ಮೂರು ಅಕ್ಷರಗಳಿಂದ ಶುರು ಮಾಡಿದ್ದ. ಅ, ಬರೆಯಲು ಸ್ವಲ್ಪ ತೊಡಕಿನದು, ಅವುಗಳ ಹಿಂದೆ ಬರುತ್ತಿತ್ತು. ಮೂರು ಅಕ್ಷರ ತಿದ್ದಿದ ಮಗು ಮೂರನೆಯ ದಿನವೇ ಸರ ಅನ್ನಬಹುದು, ರಸ ಅನ್ನಬಹುದು, ಗರಗಸ ಅನ್ನಬಹುದು. ಪ್ರತಿ ಪಾಠಕ್ಕೂ ಹೊಸ ಅಕ್ಷರ ಒಂದೋ ಎರಡೋ. ಕಲಿಯದ ಅಕ್ಷರ ಎಲ್ಲಿಯೂ ಮಗುವಿನ ಕಾಲಿಗೆ ತೊಡರುತ್ತಿರಲಿಲ್ಲ. ಹೊಸತು ಬಂದರೆ ಹಳೆಯವು ಅದರ ಕೈ ಹಿಡಿದುಕೊಂಡು ಬರುತ್ತಿದ್ದವು. ದೀರ್ಘ ಬಂದ ಮೇಲೆ ಒತ್ತು, ಒತ್ತು ಬಂದ ಮೇಲೆ ಕತೆ. ಒಂದೊಂದು ಪುಟದ ಹಿಂದೆ ಎಷ್ಟು ಮಕ್ಕಳ ಮಗ್ಗುಲಲ್ಲಿ ಕೂತು, ಎಲ್ಲಿ ತಡವರಿಸುತ್ತಾರೆಂದು ನೋಡಿರಬೇಕು ಆ ಮನುಷ್ಯ. ಅವನಿಗೆ ಮಡಕೆ ತಿಳಿದಿರಲಿಲ್ಲ. ಮಕ್ಕಳು ಹೇಗೆ ಕಲಿಯುತ್ತಾರೆಂದು ತಿಳಿದಿತ್ತು.

ಮಾಸ್ತರ ಪುಸ್ತಕ ಮುಚ್ಚಿ, ಒಂದು ಸುಳ್ಳು ಹೊಂದಿಸಿಕೊಂಡು, ಮುದುಕಿಯ ಮನೆಗೆ ನಡೆದ.

“ಅವ್ವಾ, ನಿಂದ ಖರೆ. ಪುಸ್ತಕದ್ದು ತಪ್ಪು.”

“ಇದನ್ನ ಹೇಳಾಕ ಮೂರು ದಿನ ಬೇಕಾದವೇನು?” ಮುದುಕಿ ಹಲಗೆಯಿಂದ ಮಡಕೆ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬೈಯಬೇಕು ಅಂದರ ಬರದಾವಗ ಬೈಯಿ. ನನಗ ಯಾಕ ಬೈತಿ?”

“ಅವ ಎಲ್ಲಿ ಇರತಾನ?”

“ದೂರ. ಬಾಯಿ ಮಾತು ಅವನ ತನಕ ಮುಟ್ಟೂದಿಲ್ಲ. ಕಾಗದ ಬರದರ ಮುಟ್ಟತೈತಿ.”

“ಮತ್ತ ಬರೀರಿ. ಮಾಸ್ತರ ಅದೀರಿ.”

“ನಾ ಬರೀಬಾರದವ್ವ. ಪುಸ್ತಕದ ತಪ್ಪು ತಗದ ಮಾಸ್ತರನ ನೌಕರಿ ಉಳಿಯೂದಿಲ್ಲ ಅಂತ ಕಾಯಿದೆ ಐತಿ. ಕುಂಬಾರರ ಕೈಲೆ ಬರದದ್ದಾಗಬೇಕು.”

ಅಂಥ ಕಾಯಿದೆ ಯಾವ ರಾಜ್ಯದಲ್ಲೂ ಇರಲಿಲ್ಲ.

“ನಮಗ ಬರಿಯಾಕ ಬರೂದಿಲ್ಲಲ್ಲ.”

“ಅದನ್ನ ಕಲಸೂ ಪುಸ್ತಕ ಇದ ಒಂದ ಐತಿ.”

ಹಲಗೆ ನಿಂತಿತು. ಮುದುಕಿ ಅವನ ಕಡೆ ತಿರುಗಿದಳು. “ಅಂದರ ಅವನ ಕಡಿಂದನ ಬಡಿಗಿ ಇಸಗೊಂಡು ಅವನಿಗೇ ಹೊಡೀಬೇಕು.”

“ಹಾಂ. ಪುಕ್ಕಟ ಕೊಡಾಕತ್ಯಾನ.”

ಮರುದಿನ ಹತ್ತೊಂಬತ್ತು ಮಕ್ಕಳು ಬಂದರು. ಅವರ ಹಿಂದೆ ಏಳು ಜನ ಮುದುಕಿಯರು ಬರೆಯುವ ಪಾಟಿ ಹಿಡಿದು ಬಂದರು. ಮಕ್ಕಳನ್ನು ನಂಬಿದರೆ ಬೈಗುಳ ಪೂರ್ತಿ ಬರೆಯುವುದಿಲ್ಲವೆಂಬ ಸಂಶಯ ಅವರಿಗೆ.

ಇಲ್ಲಿ ದಾಕ್ಷಾಯಿಣಿ ನಡುವೆ ಬಾಯಿ ಹಾಕಿದಳು. “ನಿಜವಾಗಿ ಏಳು ಮುದುಕಿಯರು ಬಂದರೇ?”

“ಹೋದ ವರ್ಷದವರಿಗೆ ಹೇಳುವಾಗ ಹನ್ನೊಂದು ಇದ್ದರು,” ಎಂದರು ಗುರುಗಳು. “ನೀನು ಕೇಳುತ್ತೀ ಅಂತ ಗೊತ್ತಿದ್ದು ಕಡಿಮೆ ಮಾಡಿದ್ದೇನೆ. ಮುಂದೆ ಕೇಳು.”

ರ, ಗ, ಸ ಆಯಿತು. ಮೂರನೆಯ ದಿನ ಮುದುಕಿ ಪಾಟಿಯ ಮೇಲೆ ಬೆರಳಿಟ್ಟು, “ಗ, ರ, ಗ, ಸ” ಎಂದು ಒಂದೊಂದಾಗಿ ಹೇಳಿದಳು. ಆಮೇಲೆ ಒಟ್ಟಿಗೆ, ಗರಗಸ. ಎಂದೂ ಮಾತಾಡದ ವಸ್ತು ಅವಳೊಡನೆ ಮಾತಾಡಿತ್ತು. ಪಕ್ಕದವಳಿಗೆ ಗೊತ್ತಾಗದ ಹಾಗೆ ಕಣ್ಣು ಒರೆಸಿಕೊಂಡು, “ಬರದಾವ ಬಡಗ್ಯಾರಾವ ಇರಬೇಕು. ಗರಗಸ ಮೊದಲ ತಂದಾನ,” ಎಂದು ಗೊಣಗಿದಳು.

ತಿಂಗಳ ಕೊನೆಗೆ ಸಾಹೇಬರು ಬಂದರು. ಮಕ್ಕಳನ್ನು ಎಣಿಸಿದರು, ಹತ್ತೊಂಬತ್ತು. ಮುದುಕಿಯರನ್ನು ಎಣಿಸಿದರು, ಹಾಜರಿ ಪುಸ್ತಕದಲ್ಲಿ ಅವರಿಗೆ ಜಾಗವಿರಲಿಲ್ಲ. “ನೀವು ಇಲ್ಲಿ ಏನು ಮಾಡತೀರಿ?” ಎಂದು ಕೇಳಿದರು.

“ಜಗಳ ತಗ್ಯಾಕ ಕಲ್ಯಾಕತ್ತೀವಿ,” ಎಂದಳು ಮುದುಕಿ.

ಸಾಹೇಬರು ಮಾಸ್ತರನನ್ನು ನೋಡಿದರು. ಮಾಸ್ತರ ಗೋಡೆ ನೋಡಿದ. ಬೀಗ ಚೀಲದಲ್ಲೇ ಉಳಿಯಿತು. ಹೋಗುವಾಗ ಅವರು ಹೇಳಿದ್ದು ಇಷ್ಟೇ, “ಈಗಿನ ಮಟ್ಟಿಗೆ ಆಯಿತು. ವರ್ಷದ ಕೊನೆಗೆ ಮತ್ತೆ ಬರುತ್ತೇನೆ.”

ಪಾಠ ಮುಂದೆ ಸಾಗಿತು. ಮುದುಕಿಗೆ ಮಾತ್ರ ಅವಸರ.

“ಮಾಸ್ತರ, ‘ದಡ್ಡ’ ಅಂತ ಬರಿಯೂದು ಯಾವಾಗ ಬರತೈತಿ?”

“ಅದಕ್ಕ ಒತ್ತು ಬೇಕವ್ವ. ಒತ್ತು ದೀಪಾವಳಿ ಆದಮ್ಯಾಲೆ.”

“ಹುಚ್ಚ?”

“ಅದಕ್ಕೂ ಒತ್ತು ಬೇಕು.”

“ಕತ್ತಿ? ಮಣ್ಣು ಹೊರೂ ಕತ್ತಿ?”

“ಅದಕ್ಕೂ.”

“ಬೈಗಳಕ್ಕೆಲ್ಲಾ ಒತ್ತು ಬೇಕೇನು?” ಮುದುಕಿ ಪುಸ್ತಕ ತಿರುವಿ ನೋಡಿದಳು. “ಶಾಣ್ಯಾ ಅದಾನ ಮಗ. ಬೈಯೂ ಹೊತ್ತಿಗಿ ನಮ್ಮ ಸಿಟ್ಟು ಇಳೀಲಿ ಅಂತ ಹಿಂದ ಇಟ್ಟಾನ.”

ಸಿಟ್ಟು ಇಳಿಯಿತೋ ಇಲ್ಲವೋ, ನಡುವೆ ಪುಸ್ತಕ ತನ್ನ ಕೆಲಸ ಮಾಡುತ್ತಿತ್ತು. ಬಾವಿಯ ಪಾಠ ಬಂತು, ಸರಿಯಾಗಿತ್ತು. ಕೋಳಿಯ ಪಾಠ ಬಂತು, ಅದೂ ಸರಿ. ಜೇನುಹುಳದ ಪಾಠದಲ್ಲಿ ಅವರಿಗೇ ಗೊತ್ತಿಲ್ಲದ ಎರಡು ಸಂಗತಿಗಳಿದ್ದವು. ಮುದುಕಿಯರು ಮಕ್ಕಳನ್ನು ಮರದ ಹತ್ತಿರ ಕಳಿಸಿ ನೋಡಿಸಿದರು, ಹೌದಾಗಿತ್ತು. ಆಮೇಲೆ ಕಡಲಿನ ಪಾಠ ಬಂತು. ಕಡಲ ನೀರು ಕುಡಿಯಲು ಬಾರದು, ಅದರ ಆಚೆಯ ದಡ ಕಾಣದು ಎಂದು ಬರೆದಿತ್ತು. ಆ ಊರಿನಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ, ಮಾಸ್ತರನೂ ಸೇರಿ.

ಮುದುಕಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. “ಮಡಿಕಿ ತಪ್ಪು ಬರದಾವ ಸಮುದ್ರ ಖರೇ ಬರದಾನು ಅಂತ ನಂಬೂದು ಹೆಂಗ, ಮಾಸ್ತರ?”

ಇದು ಮುದುಕಿಯ ತಂಟೆಯ ಪ್ರಶ್ನೆ ಅಲ್ಲವೆಂದು ಮಾಸ್ತರನಿಗೆ ತಿಳಿಯಿತು. ಹತ್ತೊಂಬತ್ತು ಮಕ್ಕಳೂ ಅವನ ಬಾಯಿ ನೋಡುತ್ತಿದ್ದರು. ಇಲ್ಲಿ ತಪ್ಪಿದರೆ ಈ ಸಲ ಪುಸ್ತಕದ ಒಂದು ಸಾಲಲ್ಲ, ಇಡೀ ಪುಸ್ತಕ ಬಿಸಿಲಿಗೆ ಬೀಳುತ್ತದೆ. ಪುಸ್ತಕದಲ್ಲಿ ತಪ್ಪಿರುವುದಿಲ್ಲ ಎಂಬ ಹಳೆಯ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿದ.

“ಸಮುದ್ರದ ದಂಡಿ ಮ್ಯಾಲೂ ಒಂದು ಶಾಲಿ ಇರತೈತವ್ವ. ಇದ ಪುಸ್ತಕ ಅಲ್ಲೂ ಓದತಾರ. ಅಲ್ಲೂ ನಿನ್ನಂಥಾಕಿ ಒಬ್ಬಾಕಿ ಇರತಾಳ. ತಪ್ಪಿದ್ದರ ಅಕಿ ಬರೀದ ಬಿಡತಾಳೇನು?”

ಮುದುಕಿ ಬಹಳ ಹೊತ್ತು ತಲೆ ಆಡಿಸಿದಳು. “ಬಿಡೂದಿಲ್ಲ,” ಎಂದಳು. “ಹಂಗಾದರ ನಾವೂ ಲಗೂ ಬರೀಬೇಕು. ಮಡಿಕಿ ಕಾಣದ ಊರಾಗ ಹುಡುಗರು ನಮ್ಮನ್ನ ನಂಬಿಕೊಂಡು ಕುಂತಿರತಾವ.”

ಅಂದಿನಿಂದ ಅವಳ ಅವಸರ ಬೇರೆಯಾಯಿತು.

ದೀಪಾವಳಿ ಬಂತು, ಹೋಯಿತು. ಒತ್ತು ಬಂತು. ಒಂದು ಮುಂಜಾನೆ ಊರೆಲ್ಲ ಶಾಲೆಯಲ್ಲಿ ಸೇರಿ ಕಾಗದ ಬರೆಯಲು ಕೂತಿತು. ಹೀಗೆ ಬರೆ, ಹಾಗೆ ಬರೆ ಎಂದು ಗದ್ದಲವೋ ಗದ್ದಲ. ಅವರಿಗೆ ಗೊತ್ತಿದ್ದ ಬರವಣಿಗೆ ಒಂದೇ, ಆ ಪುಸ್ತಕದ್ದು. ಹಾಗಾಗಿ ಕಾಗದವೂ ಪಾಠದ ಹಾಗೆಯೇ ಬಂತು. ಮಕ್ಕಳು ಒಂದೊಂದು ಸಾಲು ಬರೆದರು, ಮುದುಕಿ ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದಳು.

“ಇವಳು ಕುಂಬಾರಗಿತ್ತಿ. ತಿಗುರಿಯಿಂದ ಇಳಿದ ಮಡಕೆಗೆ ತಳ ಇರುವುದಿಲ್ಲ. ಇವಳು ಬಡಿದು ತಳ ಕೂಡಿಸುತ್ತಾಳೆ. ಮಡಕೆಯನ್ನು ನೆರಳಿನಲ್ಲಿ ಒಣಗಿಸುತ್ತಾಳೆ. ಬಿಸಿಲಿಗೆ ಇಟ್ಟರೆ ಮಡಕೆ ಸೀಳುತ್ತದೆ. ನೀವೂ ಇಟ್ಟು ನೋಡಿರಿ.”

“ಈಗ ನೀ ಬರಿಯವ್ವ,” ಎಂದು ಮಾಸ್ತರ ಲೇಖನಿಯನ್ನು ಮುದುಕಿಗೆ ಕೊಟ್ಟ. “ಒತ್ತು ಬಂದೈತಿ. ಏನು ಬೈತಿ ಬೈಯಿ.”

ಎಲ್ಲರೂ ಕಾದರು. ಮುದುಕಿ ಲೇಖನಿ ಹಿಡಿದಳು, ಕಾಗದದ ಮೇಲೆ ಬಾಗಿದಳು, ಸುತ್ತ ಕೂತ ಮಕ್ಕಳ ಮುಖ ನೋಡಿದಳು. ಆಮೇಲೆ ಲೇಖನಿ ಹಿಂದಕ್ಕೆ ಕೊಟ್ಟಳು.

“ಬ್ಯಾಡ. ಹುಡುಗರಿಗೆ ಓದಾಕ ಬರತೈತಿ.”

ಕಾಗದ ಹೋಯಿತು. ಉತ್ತರ ಬರಲಿಲ್ಲ. ವರ್ಷದ ಕೊನೆಗೆ ಸಾಹೇಬರು ಬಂದು ಇಪ್ಪತ್ತಾರು ಮಕ್ಕಳನ್ನು ಎಣಿಸಿ ಹೋದರು. ಬೇಸಿಗೆ ಕಳೆಯಿತು. ಹೊಸ ವರ್ಷದ ಪುಸ್ತಕಗಳ ಕಟ್ಟು ಬಂತು. ಮಾಸ್ತರ ಅದನ್ನು ಬಿಚ್ಚಲಿಲ್ಲ, ಮುದುಕಿಯ ಕೈಗೆ ಕೊಟ್ಟ. ಅವಳೇ ಬಿಚ್ಚಿದಳು, ಅವಳೇ ಹಾಳೆ ತಿರುವಿದಳು. ಚಿತ್ರದಲ್ಲಿ ಈಗ ಇಬ್ಬರಿದ್ದರು. ಗಂಡಸಿನ ಧೋತರಕ್ಕೆ ಮಣ್ಣು ಮೆತ್ತಿತ್ತು. ಹೆಂಗಸು ಹಲಗೆ ಹಿಡಿದು ಮಡಕೆಯ ತಳ ಬಡಿಯುತ್ತಿದ್ದಳು. ಕೆಳಗೆ ಅವರ ಐದು ಸಾಲುಗಳು, ಒಂದು ಅಕ್ಷರವೂ ಹೆಚ್ಚುಕಡಿಮೆಯಿಲ್ಲದೆ. ಆರನೆಯ ಸಾಲು ಎಲ್ಲಿ ಎಂದು ಮುದುಕಿ ಹುಡುಕಿದಳು. ಅದು ಪಾಠದ ಕೊನೆಯಲ್ಲಿ, ಅಭ್ಯಾಸದೊಳಗೆ ಸೇರಿತ್ತು. “ಒಂದು ಹಸಿ ಮಡಕೆಯನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಇಟ್ಟು ನೋಡಿರಿ. ಕಂಡದ್ದನ್ನು ಬರೆಯಿರಿ. ಈ ಪುಸ್ತಕದಲ್ಲಿ ಬರೆದದ್ದಕ್ಕೂ ನೀವು ಕಂಡದ್ದಕ್ಕೂ ವ್ಯತ್ಯಾಸವಿದ್ದರೆ, ಪುಸ್ತಕ ಬರೆದವರಿಗೆ ತಿಳಿಸಿರಿ.” ಆ ವರ್ಷ ನಾಡಿನ ತುಂಬ ಎಷ್ಟು ಮಡಕೆ ಸೀಳಿದವೋ ದೇವರೇ ಬಲ್ಲ.

ಮುದುಕಿ ಪಾಠವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ತಿಗುರಿಗಳು ಮತ್ತೊಮ್ಮೆ ನಿಂತಿದ್ದವು.

ಅಡಿವೆಪ್ಪ ಮಾಸ್ತರರು ಕತೆ ಮುಗಿಸಿ ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡರು. ದಾಕ್ಷಾಯಿಣಿ ಕತೆಯನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಅವಳು ಪರೀಕ್ಷೆ ಪಾಸಾದವಳು, ಉತ್ತರ ಎಲ್ಲಿದೆ ಎಂದು ಹುಡುಕುವುದು ಅವಳಿಗೆ ರೂಢಿ.

“ತಿಳಿಯಿತು, ಗುರುಗಳೇ. ಊರಿನವರದ್ದೇ ಸರಿಯಾಗಿತ್ತು, ಪುಸ್ತಕದ್ದೇ ತಪ್ಪಾಗಿತ್ತು. ಕೊನೆಗೆ ಪುಸ್ತಕವೇ ಊರಿನವರು ಹೇಳಿದ ಹಾಗೆ ಕೇಳಿತು. ಅಂದಮೇಲೆ ಪುಸ್ತಕ ಆಳೇ.”

ಗುರುಗಳು ಅವಳನ್ನೇ ನೋಡುತ್ತ ಎಲೆ ಅಗಿದರು.

“ತನ್ನ ತಪ್ಪು ತಿದ್ದಲು ಬೇಕಾದ ಅಕ್ಷರಗಳನ್ನೆಲ್ಲ, ಒಂದನ್ನೂ ಬಚ್ಚಿಡದೆ, ತಾನೇ ಕಲಿಸಿಕೊಟ್ಟವನನ್ನು ನೀನು ಏನೆಂದು ಕರೆಯುತ್ತೀ, ತಂಗೀ?”